ನಿರ್ದೋಷಿಯೆಂಬ ತೀರ್ಪೂ ಜನರ ಮಾತೂ

ಕೊಲೆಯ ಮೊಕದ್ದಮೆಯೊಂದರಲ್ಲಿ ಆಪಾದಿತರು ಬಿಡುಗಡೆ ಹೊಂದಿದರೆಂಬ ವಾರ್ತೆ ಬಂದ ದಿನ ಊರಿನಲ್ಲಿ ಏಳುವ ಮಾತುಗಳನ್ನು ಗಮನಿಸಿದರೆ ಅವು ಬಹುಮಟ್ಟಿಗೆ ಎರಡೇ ಬಗೆಯವಾಗಿರುತ್ತವೆ. ‘ಸತ್ಯಕ್ಕೆ ಜಯವಾಯಿತು’ ಎನ್ನುವವರು ಕೆಲವರು; ‘ಹಾಗಾದರೆ ಕೊಂದವರಾರು?’ ಎಂದು ಕೇಳುವವರು ಹಲವರು. ತೀರ್ಪಿನಲ್ಲಿ ನ್ಯಾಯಾಧೀಶರು ವಾಸ್ತವವಾಗಿ ಏನು ಹೇಳಿದ್ದಾರೆಂಬುದನ್ನು ಓದಿ ತಿಳಿದು ಮಾತನಾಡುವವರು ತೀರ ವಿರಳ. ಕೋಠಿಯ ಸುತ್ತಮುತ್ತ ವಾಸಿಸುವ ನಮಗೆ ಈ ವಿಷಯ ದೂರದ್ದಲ್ಲ. ಇಲ್ಲಿಂದ ಅಫ್ಜಲಗಂಜಿನ ಮಾರ್ಗವಾಗಿ ಹೊರಟು ಮೂಸಿಯ ಸೇತುವೆಯನ್ನು ದಾಟಿದರೆ, 1920ರಲ್ಲಿ ಉದ್ಘಾಟನೆಗೊಂಡ ಉಚ್ಚ ನ್ಯಾಯಾಲಯದ ಭವ್ಯಭವನ ಹೊಳೆಯ ದಂಡೆಯಲ್ಲೇ ನಿಂತಿದೆ. ಇನ್ನೊಂದು ದಿಕ್ಕಿಗೆ ಹೋದರೆ ನಾಮಪಲ್ಲಿಯ ಫೌಜದಾರಿ ನ್ಯಾಯಾಲಯಗಳು ಸಿಗುತ್ತವೆ. ಅಲ್ಲಿ ಮಧ್ಯಾಹ್ನ ಹೊರಬಿದ್ದ ತೀರ್ಪು ಸಂಜೆಯೊಳಗೆ ಸುಲ್ತಾನ್ ಬಜಾರಿನ ಅಂಗಡಿಗಳಲ್ಲಿ ವಾದಕ್ಕೆ ವಸ್ತುವಾಗಿರುತ್ತದೆ.

ಮೊದಲು ಶಬ್ದದ ವಿಚಾರ. ನಮ್ಮ ವೃತ್ತಪತ್ರಿಕೆಗಳು ‘ಖುಲಾಸೆ’ ಎಂದು ಬರೆಯುತ್ತವೆ. ಉರ್ದು ಮಾತನಾಡುವ ನೆರೆಯವರು ‘ಬರೀ’ ಎನ್ನುತ್ತಾರೆ. ಆರೋಪವೆಲ್ಲ ತೊಳೆದುಹೋಯಿತೆಂದು ಒತ್ತಿ ಹೇಳಬೇಕಾದಾಗ ‘ಬಾಇಜ್ಜತ್ ಬರೀ’, ಅಂದರೆ ಮಾನಸಹಿತ ಬಿಡುಗಡೆ, ಎನ್ನುತ್ತಾರೆ. ಕನ್ನಡದ ಕಿವಿಗೆ ‘ಬರಿ’ ಎಂದರೆ ಕೇವಲ ಎಂಬ ಅರ್ಥ ಹೊಳೆಯುವುದು ಒಂದು ವಿನೋದ. ಆದರೆ ಆ ವಿನೋದದಲ್ಲಿ ಸ್ವಲ್ಪ ನಿಜವೂ ಅಡಗಿದೆ. ನ್ಯಾಯಾಲಯದ ಬಿಡುಗಡೆ ಎಂಬುದು ಆಪಾದಿತನ ಶೀಲಕ್ಕೆ ಕೊಡುವ ಪ್ರಶಸ್ತಿಪತ್ರವಲ್ಲ. ಸಂದೇಹಕ್ಕೆ ಎಡೆಯಿಲ್ಲದಂತೆ ಅಪರಾಧವನ್ನು ರುಜುವಾತುಪಡಿಸುವ ಭಾರ ಸರಕಾರದ ಪಕ್ಷದ ಮೇಲಿದೆ. ಆ ಭಾರವನ್ನು ಅದು ಹೊರಲಾರದೆ ಹೋಯಿತೆಂಬುದಷ್ಟೇ ಅದರ ತಾತ್ಪರ್ಯ. ಆಪಾದಿತನು ನಿಜವಾಗಿಯೂ ನಿರಪರಾಧಿಯಾಗಿರಬಹುದು. ಅಪರಾಧಿಯಾಗಿದ್ದೂ ಸಾಕ್ಷ್ಯ ಸಾಲದೆ ಬಿಡುಗಡೆ ಹೊಂದಿರಬಹುದು. ಈ ಎರಡನ್ನೂ ಬೇರ್ಪಡಿಸಿ ಹೇಳಲು ಸ್ಕಾಟ್ಲೆಂಡಿನವರು ‘ರುಜುವಾತಾಗಿಲ್ಲ’ ಎಂಬ ಮೂರನೆಯ ಬಗೆಯ ತೀರ್ಪನ್ನು ಬಹುಕಾಲ ಇಟ್ಟುಕೊಂಡಿದ್ದರು. ಬಿಡುಗಡೆಯಾದವನ ಮೇಲೆ ಅದು ಆಜೀವ ಕಳಂಕವನ್ನುಳಿಸುತ್ತದೆ, ಸತ್ತವರ ಮನೆಯವರಿಗೂ ಸಮಾಧಾನ ಕೊಡುವುದಿಲ್ಲ ಎಂಬ ಆಕ್ಷೇಪಗಳ ಫಲವಾಗಿ, ಅದನ್ನು ತೆಗೆದುಹಾಕುವ ಮಸೂದೆಯನ್ನು ಅಲ್ಲಿಯ ಶಾಸನಸಭೆ 2025ರಲ್ಲಿ ಅಂಗೀಕರಿಸಿತು. ನಮ್ಮಲ್ಲಿ ಅಂಥ ಮೂರನೆಯ ತೀರ್ಪು ಇಲ್ಲ. ಆದರೂ ಜನರು ತಮ್ಮ ಮಾತಿನಲ್ಲಿ ಅದನ್ನು ದಿನವೂ ಕೊಡುತ್ತಲೇ ಇರುತ್ತಾರೆ.

ಈಗ ನಮ್ಮ ಊರಿನದೇ ನಿದರ್ಶನವನ್ನು ನೋಡೋಣ. 2007ನೆಯ ಇಸವಿ ಮೇ 18, ಶುಕ್ರವಾರ. ಚಾರ್ಮಿನಾರಿನ ಪಕ್ಕದ ಮಕ್ಕಾ ಮಸೀದಿಯಲ್ಲಿ ಮಧ್ಯಾಹ್ನದ ಪ್ರಾರ್ಥನೆಗೆ ಸಾವಿರಾರು ಜನ ಸೇರಿದ್ದಾಗ ಬಾಂಬು ಸ್ಫೋಟಗೊಂಡು ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಅನಂತರ ಹೊರಗೆ ಉಂಟಾದ ಗಲಭೆಯಲ್ಲಿ ಪೋಲೀಸರು ಗುಂಡು ಹಾರಿಸಿದಾಗ ಮತ್ತೆ ಐವರು ಮಡಿದರು. ತನಿಖೆ ಮೊದಲು ನಗರದ ಪೋಲೀಸರ ಕೈಯಲ್ಲಿತ್ತು. ಬಳಿಕ ಕೇಂದ್ರ ತನಿಖಾ ದಳಕ್ಕೆ, 2011ರಲ್ಲಿ ರಾಷ್ಟ್ರೀಯ ತನಿಖಾ ಸಂಸ್ಥೆಗೆ ಹೋಯಿತು. ಈ ಕೈಬದಲಾವಣೆಯ ನಡುವೆ ನಡೆದ ಒಂದು ಸಂಗತಿಯನ್ನು ನಾವು ಮರೆಯಲಾಗದು. ಸ್ಫೋಟದ ಬೆನ್ನಿಗೇ ಹಳೆಯ ನಗರದ ಅನೇಕ ಮುಸ್ಲಿಮ್ ತರುಣರನ್ನು ಹಿಡಿದು ವಿಚಾರಣೆಗೆ ಗುರಿಪಡಿಸಲಾಯಿತು. ಒಳಸಂಚಿನ ಆರೋಪ ಹೊತ್ತವರನ್ನು ಕಾಲಾನಂತರದಲ್ಲಿ ನ್ಯಾಯಾಲಯ ಬಿಡುಗಡೆ ಮಾಡಿತು. ಹಾಗೆ ಬಾಧೆಗೊಳಗಾದವರಿಗೆ ಆಂಧ್ರಪ್ರದೇಶ ಸರಕಾರ ಪರಿಹಾರಧನವನ್ನೂ ಹಂಚಿತು. 2013ರಲ್ಲಿ ಉಚ್ಚ ನ್ಯಾಯಾಲಯ ಆ ಪರಿಹಾರದ ಆದೇಶವನ್ನು ರದ್ದುಪಡಿಸಿತು. ಸೆರೆಯಲ್ಲಿ ಕಳೆದ ತಿಂಗಳುಗಳಾಗಲಿ, ಬಿಟ್ಟುಹೋದ ವ್ಯಾಸಂಗವಾಗಲಿ, ಕೈತಪ್ಪಿದ ಉದ್ಯೋಗವಾಗಲಿ ಯಾವ ಆದೇಶದಿಂದಲೂ ಹಿಂದಿರುಗಿ ಬರುವಂಥವಲ್ಲ ಎಂಬುದನ್ನು ಇಲ್ಲಿ ಹೇಳದಿರಲಾರೆವು.

ಮುಂದೆ ಅದೇ ಸ್ಫೋಟಕ್ಕಾಗಿ ಬೇರೊಂದು ಗುಂಪಿನವರ ಮೇಲೆ, ಹಿಂದೂ ಸಂಘಟನೆಗಳ ಸಂಪರ್ಕವುಳ್ಳವರೆನಿಸಿದವರ ಮೇಲೆ, ಆರೋಪ ಬಂತು. ನಾಮಪಲ್ಲಿಯ ವಿಶೇಷ ನ್ಯಾಯಾಲಯದಲ್ಲಿ 226 ಸಾಕ್ಷಿಗಳ ವಿಚಾರಣೆ ನಡೆಯಿತು. ಅವರಲ್ಲಿ ಐವತ್ತಕ್ಕೂ ಹೆಚ್ಚು ಮಂದಿ ಮೊದಲು ಕೊಟ್ಟ ಹೇಳಿಕೆಗೆ ವಿರುದ್ಧವಾಗಿ ನುಡಿದು ಪ್ರತಿಕೂಲ ಸಾಕ್ಷಿಗಳೆನಿಸಿದರು. ಆಪಾದಿತರಲ್ಲೊಬ್ಬರಾದ ಸ್ವಾಮಿ ಅಸೀಮಾನಂದರು 2010ರ ಡಿಸೆಂಬರಿನಲ್ಲಿ ದೆಹಲಿಯ ಮ್ಯಾಜಿಸ್ಟ್ರೇಟರ ಮುಂದೆ ತಪ್ಪೊಪ್ಪಿಗೆಯ ಹೇಳಿಕೆ ಕೊಟ್ಟು ಅನಂತರ ಅದನ್ನು ಹಿಂತೆಗೆದುಕೊಂಡಿದ್ದರು. ಅದು ಸ್ವಯಂಪ್ರೇರಿತವಾದುದಲ್ಲವೆಂದು ನ್ಯಾಯಾಲಯ ಅದನ್ನು ಸ್ವೀಕರಿಸಲಿಲ್ಲ. 2018ರ ಏಪ್ರಿಲ್ 16ರಂದು ಐವರು ಆಪಾದಿತರೂ ಬಿಡುಗಡೆಯಾದರು.

ಆ ದಿನದ ಪ್ರತಿಕ್ರಿಯೆಗಳು ಅಧ್ಯಯನಕ್ಕೆ ತಕ್ಕವು. ನಗರದ ಲೋಕಸಭಾ ಸದಸ್ಯರಾದ ಅಸದುದ್ದೀನ್ ಓವೈಸಿಯವರು ಮೊಕದ್ದಮೆಯನ್ನು ನಡೆಸಿದ ರೀತಿಯನ್ನು ಕಟುವಾಗಿ ಖಂಡಿಸಿದರು. ದೆಹಲಿಯಲ್ಲಿ ಭಾರತೀಯ ಜನತಾ ಪಕ್ಷದವರು, ಹಿಂದಿನ ಸರಕಾರ ಒಂದು ಧರ್ಮದ ಹೆಸರಿಗೆ ಭಯೋತ್ಪಾದನೆಯ ಕಳಂಕ ಹಚ್ಚಿತೆಂದು ಹೇಳಿ, ಕಾಂಗ್ರೆಸ್ಸು ಕ್ಷಮೆ ಬೇಡಬೇಕೆಂದರು. ಹಳೆಯ ನಗರದಲ್ಲಿ ಪೋಲೀಸು ಬಂದೋಬಸ್ತು ಏರ್ಪಟ್ಟಿತ್ತು, ಶಾಂತಿಭಂಗವಾಗಲಿಲ್ಲ. ತೀರ್ಪನ್ನಿತ್ತ ನ್ಯಾಯಾಧೀಶರು ಅದೇ ದಿನ ತಮ್ಮ ಹುದ್ದೆಗೆ ರಾಜೀನಾಮೆ ಬರೆದುಕೊಟ್ಟರೆಂಬ ಸುದ್ದಿ ಬಂದೊಡನೆ ಊಹೆಗಳಿಗೆ ಮಿತಿಯೇ ಇಲ್ಲವಾಯಿತು. ಅವರು ಕೊಟ್ಟ ಕಾರಣ ಸ್ವಂತದ್ದು. ರಾಜೀನಾಮೆ ಅಂಗೀಕೃತವಾಗಲೂ ಇಲ್ಲ. ಆದರೆ ಊಹೆ ಮಾತ್ರ ಹಿಂದಕ್ಕೆ ಬರಲಿಲ್ಲ.

ಇಲ್ಲೊಂದು ಸೂಕ್ಷ್ಮವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಒಂದೇ ಸ್ಫೋಟ, ಬಿಡುಗಡೆಗಳು ಎರಡು. ಮೊದಲನೆಯದನ್ನು ನ್ಯಾಯದ ವಿಜಯವೆಂದು ಕೊಂಡಾಡಿದವರಲ್ಲಿ ಬಹುಮಂದಿ ಎರಡನೆಯದನ್ನು ನ್ಯಾಯದ ಸೋಲೆಂದರು; ಎರಡನೆಯದಕ್ಕೆ ಹರ್ಷಪಟ್ಟವರಲ್ಲಿ ಬಹುಮಂದಿ ಮೊದಲನೆಯದನ್ನು ಕೇಳಿ ಹುಬ್ಬು ಗಂಟಿಕ್ಕಿದ್ದರು. ಎರಡೂ ಕಡೆ ನ್ಯಾಯಾಲಯದ ಅಳತೆಗೋಲು ಒಂದೇ ಆಗಿತ್ತು. ಆರೋಪ ರುಜುವಾತಾಯಿತೇ ಇಲ್ಲವೇ ಎಂಬುದಷ್ಟೇ ಪ್ರಶ್ನೆ. ಜನರ ಅಳತೆಗೋಲು, ಆಪಾದಿತನು ನಮ್ಮವನೇ ಅಲ್ಲವೇ ಎಂಬುದಾಗಿತ್ತು. ಎಲ್ಲರೂ ಹೀಗೆಂದು ನಾವು ಹೇಳುವುದಿಲ್ಲ. ಎರಡು ತೀರ್ಪುಗಳ ಬಗೆಗೂ ಒಂದೇ ಪ್ರಶ್ನೆ ಕೇಳಿದ ವಕೀಲರೂ ಪತ್ರಕರ್ತರೂ ಇದ್ದರು. ಅವರ ಪ್ರಶ್ನೆ ತನಿಖೆಯ ಗುಣವನ್ನು ಕುರಿತದ್ದು.

ಜನರ ಮೆಚ್ಚಿಕೆಯೇ ತೀರ್ಪಾದರೆ ಏನಾಗುತ್ತದೆಂಬುದಕ್ಕೆ ಮುಂಬಯಿಯ ನಾನಾವತಿ ಮೊಕದ್ದಮೆ ಪ್ರಸಿದ್ಧ ದೃಷ್ಟಾಂತ. 1959ರ ಏಪ್ರಿಲ್ 27ರಂದು ನೌಕಾದಳದ ಅಧಿಕಾರಿ ಕಾವಸ್ ನಾನಾವತಿಯವರು ಪ್ರೇಮ್ ಆಹೂಜಾ ಎಂಬವನನ್ನು ಗುಂಡಿಕ್ಕಿ ಕೊಂದು ತಾವಾಗಿಯೇ ಶರಣಾದರು. ಆಗ ಅಲ್ಲಿ ಜ್ಯೂರಿ ಪದ್ಧತಿಯಿತ್ತು. ಒಂಬತ್ತು ಜನ ಜ್ಯೂರಿಗಳಲ್ಲಿ ಎಂಟು ಮಂದಿ ‘ನಿರ್ದೋಷಿ’ ಎಂದರು. ‘ಬ್ಲಿಟ್ಜ್’ ವಾರಪತ್ರಿಕೆ ಅಧಿಕಾರಿಯ ಪಕ್ಷ ವಹಿಸಿ ಬರೆಯುತ್ತಿತ್ತು. ಇಪ್ಪತ್ತೈದು ಪೈಸೆಯ ಆ ಪತ್ರಿಕೆ ಎರಡು ರೂಪಾಯಿಗೂ ಮಾರಾಟವಾಯಿತೆಂದು ಹೇಳುತ್ತಾರೆ. ಬೀದಿಗಳಲ್ಲಿ ಆತನ ಹೆಸರಿನ ಆಟಿಕೆ ಪಿಸ್ತೂಲುಗಳು ಮಾರಾಟವಾದುವಂತೆ. ಸತ್ತವನೂ ಒಬ್ಬ ಮನುಷ್ಯನೇ ಎಂಬುದು ಆ ಗದ್ದಲದಲ್ಲಿ ಯಾರ ನೆನಪಿಗೂ ಬಂದಂತೆ ತೋರುವುದಿಲ್ಲ. ಸೆಷನ್ಸ್ ನ್ಯಾಯಾಧೀಶರಾದ ರತಿಲಾಲ್ ಮೆಹತಾ ಅವರು ಜ್ಯೂರಿಯ ಅಭಿಪ್ರಾಯ ಸಾಕ್ಷ್ಯಕ್ಕೆ ವಿರುದ್ಧವೆಂದು ಬಗೆದು ಮೊಕದ್ದಮೆಯನ್ನು ಉಚ್ಚ ನ್ಯಾಯಾಲಯಕ್ಕೆ ಒಪ್ಪಿಸಿದರು. 1960ರ ಮಾರ್ಚಿನಲ್ಲಿ ಅಲ್ಲಿ ಆಜೀವ ಶಿಕ್ಷೆಯಾಯಿತು. 1961ರ ನವೆಂಬರ್ 24ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆ ತೀರ್ಪನ್ನು ಬರೆದ ಕೋಕಾ ಸುಬ್ಬರಾಯರು ಅದಕ್ಕೆ ಕೆಲವೇ ವರ್ಷ ಮೊದಲು ಮೂಸಿಯ ದಂಡೆಯ ನಮ್ಮ ಉಚ್ಚ ನ್ಯಾಯಾಲಯದಲ್ಲಿಯೇ ಮುಖ್ಯ ನ್ಯಾಯಾಧೀಶರಾಗಿದ್ದವರು ಎಂಬುದು ಹೈದರಾಬಾದಿನ ನಮಗೆ ಕುತೂಹಲದ ಸಂಗತಿ. ನಾನಾವತಿಯವರಿಗೆ ಮುಂದೆ ರಾಜ್ಯಪಾಲರಿಂದ ಕ್ಷಮಾದಾನವೂ ದೊರೆಯಿತು. ಈ ಮೊಕದ್ದಮೆಯಿಂದಲೇ ಭಾರತದಲ್ಲಿ ಜ್ಯೂರಿ ಪದ್ಧತಿ ಅಳಿಯಿತೆಂಬ ಮಾತು ಬಹಳವಾಗಿ ಪ್ರಚಾರದಲ್ಲಿದೆ. ಅದು ಪೂರ್ತಿ ಸರಿಯಲ್ಲ. ಕಾನೂನು ಆಯೋಗ 1958ರಲ್ಲಿಯೇ ಆ ಪದ್ಧತಿಯನ್ನು ಕೈಬಿಡಬೇಕೆಂದು ಸಲಹೆ ಮಾಡಿತ್ತು.

ಇದಕ್ಕೆ ವಿಪರೀತವಾದ ಉದಾಹರಣೆಯೂ ಉಂಟು. ದೆಹಲಿಯಲ್ಲಿ 1999ರಲ್ಲಿ ನಡೆದ ಜೆಸಿಕಾ ಲಾಲ್ ಕೊಲೆಯ ಮೊಕದ್ದಮೆಯಲ್ಲಿ 2006ರ ಫೆಬ್ರವರಿ 21ರಂದು ಒಂಬತ್ತು ಮಂದಿ ಆಪಾದಿತರೂ ಬಿಡುಗಡೆಯಾದಾಗ, ವಿದ್ಯಾವಂತ ತರುಣರು ಮೇಣದ ಬತ್ತಿ ಹಿಡಿದು ಇಂಡಿಯಾ ಗೇಟಿನ ಬಳಿ ನೆರೆದರು. ಪತ್ರಿಕೆಗಳೂ ದೂರದರ್ಶನ ವಾಹಿನಿಗಳೂ ತಿಂಗಳುಗಟ್ಟಲೆ ಆ ಮಾತನ್ನು ಬಿಡಲಿಲ್ಲ. ಅಪೀಲಾಯಿತು. ಅದೇ ವರ್ಷ ಡಿಸೆಂಬರ್ 18ರಂದು ದೆಹಲಿ ಉಚ್ಚ ನ್ಯಾಯಾಲಯ ಮುಖ್ಯ ಆಪಾದಿತನಾದ ಮನು ಶರ್ಮನನ್ನು ಅಪರಾಧಿಯೆಂದು ಸಾರಿತು; 2010ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಸ್ಥಿರಪಡಿಸಿತು. ಜನರ ಕೋಪವೇ ಶಿಕ್ಷೆ ಕೊಡಿಸಿತೆಂದು ಹೇಳುವುದುಂಟು. ಶಿಕ್ಷೆಯಾದದ್ದು ಕಡತದಲ್ಲಿದ್ದ ಸಾಕ್ಷ್ಯದ ಮೇಲೆ. ಕೋಪ ಮಾಡಿದ್ದು ಆ ಕಡತ ಬೇಗ ಬಿಚ್ಚುವಂತೆ ಮಾಡಿದ್ದು ಮಾತ್ರ. ಪತ್ರಿಕೆಗಳು ತಾವೇ ವಿಚಾರಣೆ ನಡೆಸುವುದರ ಅಪಾಯವನ್ನು ಕುರಿತು ಸರ್ವೋಚ್ಚ ನ್ಯಾಯಾಲಯ ಅದೇ ತೀರ್ಪಿನಲ್ಲಿ ಎಚ್ಚರಿಕೆಯನ್ನೂ ಕೊಟ್ಟಿತು.

ಆದರೆ ಎಲ್ಲರ ಕಡತಕ್ಕೂ ಮೇಣದ ಬತ್ತಿಯ ಬೆಳಕು ಬೀಳುವುದಿಲ್ಲ. ನಮ್ಮ ಕರ್ನಾಟಕದಲ್ಲಿ, ಅಂದಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ, 2000ನೆಯ ಇಸವಿ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಜೀವಂತ ಸುಡಲಾಯಿತು. ಸಾಕ್ಷಿಗಳು ನ್ಯಾಯಾಲಯದಲ್ಲಿ ಮಾತು ತಿರುಗಿಸಿದರು. 2006ರಲ್ಲಿ, ದೆಹಲಿಯ ತರುಣರು ಬೀದಿಗಿಳಿದ ಅದೇ ವರ್ಷ, ಕೋಲಾರದ ನ್ಯಾಯಾಲಯ ಆಪಾದಿತರನ್ನೆಲ್ಲ ಬಿಡುಗಡೆ ಮಾಡಿತು. 2014ರಲ್ಲಿ ಉಚ್ಚ ನ್ಯಾಯಾಲಯವೂ ಆ ತೀರ್ಪನ್ನೇ ಎತ್ತಿಹಿಡಿಯಿತು. ದಲಿತ ಸಂಘಟನೆಗಳು ಮೆರವಣಿಗೆ ಮಾಡಿದುವು, ಕನ್ನಡ ಪತ್ರಿಕೆಗಳು ಬರೆದುವು. ದೇಶದ ರಾಜಧಾನಿಯಲ್ಲಿ ಅದರ ಸದ್ದು ಅಷ್ಟಾಗಿ ಕೇಳಲಿಲ್ಲ. ಅದೇ 2014ರ ಏಪ್ರಿಲಿನಲ್ಲಿ ನಮ್ಮ ಹೈದರಾಬಾದಿನ ಉಚ್ಚ ನ್ಯಾಯಾಲಯ ಅಂದಿನ ಗುಂಟೂರು ಜಿಲ್ಲೆಯ ಚುಂಡೂರಿನ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. 1991ರ ಆಗಸ್ಟ್ 6ರಂದು ಅಲ್ಲಿ ಎಂಟು ಮಂದಿ ದಲಿತರ ಕೊಲೆಯಾಗಿತ್ತು. ಆ ಊರಿನಲ್ಲೇ ಸ್ಥಾಪಿಸಿದ ವಿಶೇಷ ನ್ಯಾಯಾಲಯ 2007ರಲ್ಲಿ ಇಪ್ಪತ್ತೊಂದು ಮಂದಿಗೆ ಆಜೀವ ಶಿಕ್ಷೆ ವಿಧಿಸಿತ್ತು. ಉಚ್ಚ ನ್ಯಾಯಾಲಯ ಅವರೆಲ್ಲರನ್ನೂ ಬಿಡುಗಡೆ ಮಾಡಿತು. ಇಪ್ಪತ್ತಮೂರು ವರ್ಷ ಕಾದವರ ಎದುರಿನಲ್ಲಿ ‘ಸಂದೇಹದ ಲಾಭ’ ಎಂಬ ಮಾತನ್ನು ಉಚ್ಚರಿಸುವುದು ಸುಲಭವಲ್ಲ. ಅಂಥವರ ದುಃಖವನ್ನು ನ್ಯಾಯಾಲಯದ ನಿಂದೆಯೆಂದು ಎಣಿಸುವುದು ನಮ್ಮ ದೃಷ್ಟಿಯಲ್ಲಿ ಹೃದಯಹೀನತೆ.

ಈ ಸಂದರ್ಭದಲ್ಲಿ ಕಾನೂನು ಎಷ್ಟು ಮಾತಿಗೆ ಅವಕಾಶ ಕೊಡುತ್ತದೆಂಬುದನ್ನು ತಿಳಿದಿರುವುದು ಒಳ್ಳೆಯದು. 1971ರ ನ್ಯಾಯಾಲಯ ನಿಂದನಾ ಅಧಿನಿಯಮದ 5ನೆಯ ಕಲಮಿನ ಪ್ರಕಾರ, ತೀರ್ಮಾನವಾಗಿ ಮುಗಿದ ಮೊಕದ್ದಮೆಯ ಗುಣದೋಷಗಳ ಬಗೆಗೆ ನ್ಯಾಯವಾದ ವಿಮರ್ಶೆ ಮಾಡುವುದು ನಿಂದನೆಯಲ್ಲ. ತೀರ್ಪು ತಪ್ಪೆಂದು ಕಾರಣಸಹಿತ ಬರೆಯಬಹುದು. ನ್ಯಾಯಾಧೀಶರು ಹಣ ತಿಂದರೆಂದು ಆಧಾರವಿಲ್ಲದೆ ಬರೆಯುವುದು ಬೇರೆ ಮಾತು. ಬಿಡುಗಡೆಯಾದವನನ್ನು ಬೀದಿಯಲ್ಲಿ ಅಡ್ಡಗಟ್ಟಿ ‘ಕೊಲೆಗಾರ’ ಎಂದು ಕೂಗುವುದಂತೂ ವಿಮರ್ಶೆಯಲ್ಲ.

ಇನ್ನು ಅಪೀಲು. ಅಮೆರಿಕಾ ದೇಶದಲ್ಲಿ ಜ್ಯೂರಿಯಿಂದ ಬಿಡುಗಡೆ ಹೊಂದಿದವನ ಮೇಲೆ ಸರಕಾರ ಅಪೀಲು ಹೋಗುವಂತಿಲ್ಲ. ನಮ್ಮಲ್ಲಿ ಹೋಗಬಹುದು. ಮೊದಲು ಆ ಹಕ್ಕು ಬಹುಮಟ್ಟಿಗೆ ಸರಕಾರದ್ದಾಗಿತ್ತು. ಸರಕಾರ ಸುಮ್ಮನಾದರೆ ಸತ್ತವರ ಮನೆಯವರಿಗೆ ದಾರಿ ಕಿರಿದಾಗಿತ್ತು. 2009ರ ಕೊನೆಯ ದಿನದಿಂದ ಜಾರಿಗೆ ಬಂದ ತಿದ್ದುಪಡಿಯಿಂದ, ಬಾಧಿತರಾದವರೇ ಬಿಡುಗಡೆಯ ವಿರುದ್ಧ ಅಪೀಲು ಮಾಡುವ ಹಕ್ಕನ್ನು ಪಡೆದರು. 2024ರ ಜುಲೈ 1ರಿಂದ ಹಳೆಯ ದಂಡಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಆ ಹಕ್ಕು ಉಳಿದಿದೆ. ಚುಂಡೂರಿನ ತೀರ್ಪಿನ ಮೇಲೆ ಸರ್ವೋಚ್ಚ ನ್ಯಾಯಾಲಯಕ್ಕೆ ಅಪೀಲು ಹೋಗಿ ಅದಕ್ಕೆ ತಡೆಯಾಜ್ಞೆಯೂ ದೊರೆಯಿತು.

ಸಾಕ್ಷಿಗಳ ಸಂಗತಿಯನ್ನು ಕೊನೆಗೆ ಇಟ್ಟುಕೊಂಡೆವು. ವಾಸ್ತವವಾಗಿ ಮೊದಲಿಗೇ ಹೇಳಬೇಕಾದುದು ಅದು. ಮೇಲೆ ಹೇಳಿದ ದೆಹಲಿಯ, ಕಂಬಾಲಪಲ್ಲಿಯ, ಮಕ್ಕಾ ಮಸೀದಿಯ ಮೂರು ಮೊಕದ್ದಮೆಗಳಲ್ಲೂ ಸಾಕ್ಷಿಗಳು ಹಿಂದೆ ಸರಿದರು. ಕೆಲವರು ಆಮಿಷಕ್ಕೆ ಸೋಲಬಹುದು. ಆದರೆ ಅದೇ ಹಳ್ಳಿಯಲ್ಲಿ, ಅದೇ ಒಡೆಯರ ಹೊಲದಲ್ಲಿ ನಾಳೆಯೂ ಕೂಲಿಗೆ ಹೋಗಬೇಕಾದವನು ಆರು ವರ್ಷ ಒಂದೇ ಮಾತಿನ ಮೇಲೆ ನಿಲ್ಲುವುದೆಂದರೆ ಸಾಮಾನ್ಯವೇ? ಮಹೇಂದರ್ ಚಾವ್ಲಾ ಮೊಕದ್ದಮೆಯಲ್ಲಿ 2018ರ ಡಿಸೆಂಬರ್ 5ರಂದು, ಅಂದರೆ ಮಕ್ಕಾ ಮಸೀದಿಯ ತೀರ್ಪು ಹೊರಬಿದ್ದು ಎಂಟು ತಿಂಗಳೂ ತುಂಬುವ ಮೊದಲು, ಸರ್ವೋಚ್ಚ ನ್ಯಾಯಾಲಯ ಸಾಕ್ಷಿಗಳ ರಕ್ಷಣೆಯ ಯೋಜನೆಯೊಂದನ್ನು ಅನುಮೋದಿಸಿ, ಶಾಸನವಾಗುವವರೆಗೆ ಅದನ್ನೇ ದೇಶದಾದ್ಯಂತ ಕಾನೂನೆಂದು ಪಾಲಿಸಬೇಕೆಂದು ವಿಧಿಸಿತು. ಸಾಕ್ಷಿಯ ಮನೆಗೆ ಕಾವಲು, ಆಪಾದಿತನೊಡನೆ ಮುಖಾಮುಖಿಯಾಗದಂತೆ ಏರ್ಪಾಡು, ಅಗತ್ಯಬಿದ್ದರೆ ಬೇರೆ ಊರಿನಲ್ಲಿ ವಾಸ, ಇವೆಲ್ಲ ಅದರಲ್ಲಿ ಸೇರಿವೆ. ಮಕ್ಕಾ ಮಸೀದಿಯ ಸಾಕ್ಷಿಗಳು ಕಟಕಟೆ ಏರಿದಾಗ ಅಂಥ ಯೋಜನೆಯಿರಲಿಲ್ಲ. ಆ ಶುಕ್ರವಾರ ಬಾಂಬಿಗೆ ಬಲಿಯಾದ ಒಂಬತ್ತು ಮಂದಿಯ ಕೊಲೆಗಾಗಿ ನಾಮಪಲ್ಲಿಯ ಆ ನ್ಯಾಯಾಲಯದಲ್ಲಿ ಶಿಕ್ಷೆ ಹೊಂದಿದವರು ಯಾರೂ ಇಲ್ಲ.