ಹಳ್ಳದ ಮೆಕ್ಕಲು ನೆಲ ಗುರುತಿಸುವುದು ಹೇಗೆ?

ಮೆಕ್ಕಲು ಮಣ್ಣು ಎಂದ ಕೂಡಲೆ ನಮಗೆ ಸಮಾಜ ಪಾಠದ ಗಂಗಾ ಬಯಲು ನೆನಪಾಗುತ್ತದೆ. ಆದರೆ ನಮ್ಮ ಹಳ್ಳದ ದಂಡೆಯಲ್ಲಿಯೂ ಮೆಕ್ಕಲು ಇದೆ. ಗುಡ್ಡದಲ್ಲಿ ಗಣಿ ಆಗುತ್ತದೆಂದು ಅಳತೆಯವರು ಬಂದು ಹೋದ ಮೇಲೆ ನಮ್ಮ ಸರ್ ಒಂದು ಸಂಗತಿ ಹೇಳಿದರು.

ಅಮೇರಿಕದಲ್ಲಿ 1977ರಲ್ಲಿ ಕಲ್ಲಿದ್ದಲಿನ ತೆರೆದ ಗಣಿಗಳಿಗೆ ಒಂದು ಕಾನೂನು ಆಯಿತು. ಅಲ್ಲಿ 100 ಡಿಗ್ರಿ ಪಶ್ಚಿಮ ರೇಖಾಂಶದ ಆಚೆ ಬಹಳಷ್ಟು ಒಣ ಸೀಮೆ. (ಅಟ್ಲಾಸಿನಲ್ಲಿ ವಯೋಮಿಂಗ್, ಮೊಂಟಾನಾ ಹುಡುಕಿರಿ.) ಆ ಕಡೆ ಗಣಿ ತೋಡುವ ಮೊದಲೇ ಹೊಳೆ ಕಣಿವೆಯ ಮೆಕ್ಕಲು ನೆಲ ಎಲ್ಲಿದೆ ಎಂದು ನಕಾಶೆಯಲ್ಲಿ ತೋರಿಸಬೇಕು. ಗಣಿಯಿಂದ ಅಲ್ಲಿನ ಬೇಸಾಯ ನಿಲ್ಲುವಂತಿದ್ದರೆ, ಕೆಲವು ವಿನಾಯಿತಿ ಬಿಟ್ಟು, ಒಪ್ಪಿಗೆ ಸಿಗುವುದಿಲ್ಲ.

ಬರೀ ಮಣ್ಣಿದ್ದರೆ ಸಾಲದು. ಹೊಳೆ ತಂದು ಹಾಕಿದ ಸಡಿಲ ಮಣ್ಣು, ಮರಳು ಇರಬೇಕು. ಜೊತೆಗೆ ಬೇಸಾಯಕ್ಕೆ ಸಾಕಾಗುವ ನೀರೂ ಬೇಕು. ಹೊಳೆಯ ನೀರು ಹೊಲಕ್ಕೆ ಹಾಯಬೇಕು, ಇಲ್ಲವೆ ನೆಲದೊಳಗಿನ ನೀರು ಬೇರಿಗೆ ತಾನೇ ಸಿಗಬೇಕು. ಕುದುರೆ ಮಸಾಲೆ ಎಂಬ ಮೇವಿನ ಬೇರು ಆಳಕ್ಕೆ ಇಳಿದು ಹೀಗೆ ನೀರು ಕುಡಿಯುತ್ತದಂತೆ. ಆದ್ದರಿಂದ ಒಣಗಾಲದಲ್ಲೇ ಹೋಗಿ ನೋಡಬೇಕು. ಮಳೆಗಾಲದಲ್ಲಿ ಎಲ್ಲಾ ಕಡೆ ಹಸಿರೇ!

ನಾವು ಐದು ಜನ ರವಿವಾರ ಹಳ್ಳಕ್ಕೆ ಹೋದೆವು. ತಗ್ಗಿನ ಹೊಲಗಳಿಗೆಲ್ಲಾ ನಾನು ಹಳದಿ ಬಣ್ಣ ಬಳಿದೆ. ಅಜ್ಜ ನೋಡಿ ನಕ್ಕ. "ಲೇ ತಮ್ಮಾ, ಹಳ್ಳದ ಕಲ್ಲು ಉಳ್ಳಾಡಿ ಉಳ್ಳಾಡಿ ನುಣ್ಣಗ ಆಗಿರ್ತೈತಿ. ಗುಡ್ಡದ ಕಲ್ಲು ಚೂಪ ಇರ್ತೈತಿ. ಕೆದರಿ ನೋಡು" ಅಂದ. ಗುಡ್ಡದ ಬುಡದ ಹೊಲ ಕೆದರಿದರೆ ಎಲ್ಲಾ ಚೂಪು ಕಲ್ಲು. ಅದು ಇಳಿಜಾರಿನಿಂದ ಜಾರಿ ಬಂದ ಮಣ್ಣು, ಹಳ್ಳ ತಂದದ್ದಲ್ಲ. ಅಲ್ಲಿಯ ಬಣ್ಣ ಅಳಿಸಲು ಹೋಗಿ ಕಾಗದ ತೂತಾಗಿದೆ, ಕ್ಷಮಿಸಿರಿ.

ಆಮೇಲೆ ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿ ಅಳೆದೆವು. ಹಳ್ಳದ ಪಕ್ಕದ ಬಾವಿಯಲ್ಲಿ ಎರಡು ಮಾರಿಗೆ ನೀರು ಸಿಕ್ಕಿತು. ಗುಡ್ಡದ ಕಡೆಯ ಬಾವಿಯಲ್ಲಿ ಆರು ಮಾರು ಇಳಿಬಿಡಬೇಕಾಯಿತು. ನಮ್ಮ ಎಮ್ಮೆಗಳಿಗೆ ಬೇಸಿಗೆಯಲ್ಲಿ ಹಸಿ ಹುಲ್ಲು ಸಿಗುವುದು ಹಳ್ಳದ ಪಕ್ಕದಲ್ಲೇ. ಯಾಕೆ ಅಂತ ಅವತ್ತು ತಿಳಿಯಿತು.

ಗಣಿಯ ಗುಂಡಿ ನೀರಿನ ಮಟ್ಟಕ್ಕಿಂತ ಆಳ ಹೋದರೆ ಸುತ್ತಲಿನ ನೀರು ಅದರೊಳಗೆ ಬಸಿಯುತ್ತದೆ. ಅದನ್ನು ಪಂಪು ಹಚ್ಚಿ ಎತ್ತಿ ಹಾಕುತ್ತಾರೆ. ಆಗ ಹೊಲಕ್ಕೆ ಒಂದು ಗುದ್ದಲಿ ಏಟು ಬೀಳದಿದ್ದರೂ ಬೇರಿಗೆ ನೀರು ತಪ್ಪಬಹುದು. ಅದಕ್ಕೇ ನಕಾಶೆಯಲ್ಲಿ ಬಾವಿಗಳನ್ನೂ ಚುಕ್ಕೆ ಇಟ್ಟು ತೋರಿಸಿದ್ದೇನೆ.

ನಕಾಶೆ ಪಕ್ಕದಲ್ಲಿದೆ, ನೋಡಿರಿ. ಹಳ್ಳದ ಕೆಳಗಿನ ತಿರುವಿನ ಆಚೆ ನಾವು ಹೋಗಿಲ್ಲ. ಅಲ್ಲಿ ಹೊಲ ಇದ್ದವರು ತಮ್ಮ ಬಾವಿ ನೀರು ಎಷ್ಟು ಮಾರಿಗೆ ಇದೆ ಎಂದು ಹೇಳಿದರೆ ಪೆನ್ಸಿಲಿನಲ್ಲಿ ತುಂಬುತ್ತೇನೆ.