ಮುದಿ ಟಗರು ಮತ್ತು ಸೊಟ್ಟಕಾಲಿನ ಮರಿ



ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸುತ್ತಿನ ಹಳ್ಳಿಗಳಲ್ಲಿ ಕುರಿ ಸಾಕುವ ಮನೆಗಳು ಬಹಳ. ಹಿಂಡಿನಲ್ಲಿ ಕಾಲು ಸೊಟ್ಟಗಾದ ಮರಿ ಹುಟ್ಟಿದರೆ ನಾವು ಮೊದಲು ಮಾಡುವ ಕೆಲಸವೇನು? ಅದರ ತಾಯಿಯನ್ನು ಮುಂದಿನ ಸಂತೆಗೆ ಹೊಡೆಯುತ್ತೇವೆ. ಟಗರನ್ನು ಯಾರೂ ಕೇಳುವುದಿಲ್ಲ. ಐದಾರು ವರ್ಷದಿಂದ ಹಿಂಡಿನಲ್ಲಿರುವ, ಮೈತುಂಬಿದ ಟಗರಿನ ಮೇಲೆ ಅನುಮಾನ ಪಡಲು ಮನಸ್ಸಾದರೂ ಹೇಗೆ ಬಂದೀತು? ಈ ಸಲ ನಾವು ಆ ಟಗರಿನ ಕಡೆಗೆ ಸ್ವಲ್ಪ ತಿರುಗಿ ನೋಡೋಣ.

ಹೆಣ್ಣುಮರಿ ಇನ್ನೂ ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದರ ಅಂಡಗಳ ದಾಸ್ತಾನು ಸಿದ್ಧವಾಗಿಬಿಡುತ್ತದೆ. ಗಂಡಿನದು ಹಾಗಲ್ಲ. ಟಗರು ಪ್ರಾಯಕ್ಕೆ ಬಂದ ದಿನದಿಂದ ವೀರ್ಯಾಣುಗಳು ದಿನವೂ ಕೋಟಿಗಟ್ಟಲೆ ತಯಾರಾಗುತ್ತಿರುತ್ತವೆ. ಪ್ರತಿ ಸಲವೂ ಜೀವಕೋಶ ತನ್ನೊಳಗಿನ ವಂಶವಾಹಿಗಳನ್ನು ನಕಲು ಮಾಡಬೇಕು. ಹಿಂದೆ ಪಹಣಿಯನ್ನು ಕೈಯಲ್ಲಿ ಬರೆಯುತ್ತಿದ್ದ ಕಾಲವನ್ನು ನೆನೆಸಿಕೊಳ್ಳಿ. ಮೊದಲ ನಕಲಿನಲ್ಲಿ ಒಂದು ಸರ್ವೆ ನಂಬರು ತಪ್ಪಾದರೆ, ಅದನ್ನು ನೋಡಿ ಬರೆದ ನಕಲಿನಲ್ಲಿ ಆ ತಪ್ಪೂ ಇರುತ್ತಿತ್ತು, ಹೊಸದೊಂದು ತಪ್ಪೂ ಸೇರುತ್ತಿತ್ತು. ವಂಶವಾಹಿಯಲ್ಲಿ ಹೀಗೆ ಹೊಸದಾಗಿ ಬೀಳುವ ತಪ್ಪನ್ನೇ ಶಾಲೆಯ ಪುಸ್ತಕಗಳು ಉತ್ಪರಿವರ್ತನೆ ಎನ್ನುತ್ತವೆ.

ಮನುಷ್ಯರಲ್ಲಿ ಇದರ ಲೆಕ್ಕ ಚೆನ್ನಾಗಿ ಸಿಕ್ಕಿದೆ. 20 ವರ್ಷದ ಗಂಡಸಿನ ವೀರ್ಯಾಣು ಸುಮಾರು 150 ನಕಲುಗಳನ್ನು ದಾಟಿ ಬಂದಿರುತ್ತದೆ. 40ನೇ ವಯಸ್ಸಿನಲ್ಲಿ ಅದು 600ರ ಮೇಲೆ. ಐಸ್‌ಲೆಂಡ್ ದೇಶದಲ್ಲಿ ತಂದೆ, ತಾಯಿ, ಮಗು ಮೂವರ ರಕ್ತವನ್ನೂ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಫಲಿತಾಂಶ ಇದು: ತಂದೆಯ ವಯಸ್ಸು ಒಂದು ವರ್ಷ ಏರಿದರೆ ಮಗುವಿನಲ್ಲಿ ಸುಮಾರು ಎರಡು ಹೊಸ ತಪ್ಪು ಹೆಚ್ಚುತ್ತದೆ. 2017ರಲ್ಲಿ ಅಲ್ಲಿಯೇ 1,548 ಕುಟುಂಬಗಳನ್ನು ನೋಡಿದಾಗ ತಂದೆಯ ಪಾಲು ವರ್ಷಕ್ಕೆ ಒಂದೂವರೆ ಎಂದಾಯಿತು. ತಾಯಿಯ ವಯಸ್ಸಿನಿಂದಲೂ ತಪ್ಪು ಏರುತ್ತದೆ, ಆದರೆ ಸುಮಾರು ಮೂರು ವರ್ಷಕ್ಕೆ ಒಂದರಷ್ಟು ಮಾತ್ರ.

ಪ್ರಾಣಿಗಳ ಲೆಕ್ಕ ಬಂದದ್ದು ಈಚೆಗೆ. 2023ರಲ್ಲಿ ಬೆನ್ನೆಲುಬುಳ್ಳ 68 ಜಾತಿಯ ಪ್ರಾಣಿಗಳಲ್ಲಿ ತಂದೆ, ತಾಯಿ, ಮರಿಗಳನ್ನು ಹೋಲಿಸಿ ನೋಡಿದರು. ಹಾಲೂಡುವ ಪ್ರಾಣಿಗಳಲ್ಲೂ ಹಕ್ಕಿಗಳಲ್ಲೂ ಹೊಸ ತಪ್ಪುಗಳು ತಾಯಿಗಿಂತ ತಂದೆಯಿಂದಲೇ ಹೆಚ್ಚು ಬರುತ್ತವೆ; ಮೀನು, ಹಾವು, ಹಲ್ಲಿಗಳ ಗುಂಪಿನಲ್ಲಿ ಈ ವ್ಯತ್ಯಾಸ ಕಾಣಲಿಲ್ಲ.

ಹಾಗೆಂದು ಮುದಿ ಟಗರನ್ನು ನಾಳೆಯೇ ಕಟುಕನಿಗೆ ಕೊಡಬೇಡಿ. ಹೊಸ ತಪ್ಪುಗಳಲ್ಲಿ ಬಹುಪಾಲು ಯಾವ ಕೆಡುಕನ್ನೂ ಮಾಡುವುದಿಲ್ಲ. ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಸೊಟ್ಟ ಮರಿಗಳು ಸಾಲುಸಾಲಾಗಿ ಹುಟ್ಟುವುದೂ ಇಲ್ಲ. ಟಗರನ್ನು ಬಹುಕಾಲ ಇಟ್ಟುಕೊಳ್ಳುವುದರ ದೊಡ್ಡ ಅಪಾಯ ಬೇರೆಯೇ ಇದೆ.

ವಂಶವಾಹಿಗಳು ಜೋಡಿಯಾಗಿರುತ್ತವೆ. ಜೋಡಿಯಲ್ಲಿ ಒಂದು ಕೆಟ್ಟು ಇನ್ನೊಂದು ಸರಿಯಿದ್ದರೆ ಅನೇಕ ದೋಷಗಳು ಹೊರಗೆ ಕಾಣುವುದೇ ಇಲ್ಲ. ಟಗರು ಗಟ್ಟಿಮುಟ್ಟಾಗಿಯೇ ಇರುತ್ತದೆ. ಆದರೆ ಅದರ ಹೆಣ್ಣುಮರಿಗಳಲ್ಲಿ ಸುಮಾರು ಅರ್ಧಕ್ಕೆ ಆ ದೋಷ ಹೋಗಿರುತ್ತದೆ. ಕುರಿ ಗಬ್ಬವಾಗಿ ಐದು ತಿಂಗಳಿಗೆ ಈಯುತ್ತದೆ, ಆ ಹೆಣ್ಣುಮರಿ ಒಂದು ವರ್ಷದ ಆಸುಪಾಸಿನಲ್ಲಿ ಬೆದೆಗೆ ಬರುತ್ತದೆ. ಅಂದರೆ ಟಗರು ಬಂದ ಎರಡನೇ ವರ್ಷದೊಳಗೇ ಅದರ ಮಗಳು ಅದರ ಎದುರಿಗಿರುತ್ತಾಳೆ. ಅಂಥ ದೋಷ ಹೊತ್ತ ಟಗರು ತನ್ನ ಹೆಣ್ಣುಮರಿಗಳ ಜೊತೆ ಕೂಡಿದರೆ ಸರಾಸರಿ 8 ಮರಿಗಳಲ್ಲಿ 1 ಮರಿ ಎರಡೂ ಕಡೆಯಿಂದ ದೋಷ ಪಡೆದು ಹುಟ್ಟುತ್ತದೆ. ಆಗ ನಾವು ಸಂತೆಗೆ ಹೊಡೆಯುವುದು ಮಗಳನ್ನು, ಉಳಿಸಿಕೊಳ್ಳುವುದು ತಂದೆಯನ್ನು! ಅದೇ ಟಗರಿನ ಗಂಡುಮರಿಯನ್ನು ಮುಂದಿನ ಟಗರಾಗಿ ಬಿಟ್ಟರೂ ಗತಿ ಅಷ್ಟೇ. ಮುದಿ ತಂದೆಯಲ್ಲಿ ಹೊಸದಾಗಿ ಬಿದ್ದ ತಪ್ಪು ಒಂದೇ ಮರಿಗೆ ಬಂದಿರುತ್ತದೆ. ಆ ಮರಿಯೇ ಟಗರಾದರೆ ತಪ್ಪು ಹಿಂಡಿಗೆಲ್ಲಾ ಹಂಚಿಹೋಗುತ್ತದೆ.

2017ರ ಜೂನ್‌ನಲ್ಲಿ ತೆಲಂಗಾಣ ಸರ್ಕಾರ ಆರಂಭಿಸಿದ ಕುರಿ ಹಂಚಿಕೆಯಲ್ಲಿ ಒಂದು ಕುಟುಂಬಕ್ಕೆ ಸಿಕ್ಕದ್ದು 20 ಕುರಿ, 1 ಟಗರು. ಅಂಥ ಸಣ್ಣ ಹಿಂಡಿನಲ್ಲಿ ಹುಟ್ಟುವ ಮರಿಗಳಿಗೆಲ್ಲಾ ತಂದೆ ಒಂದೇ. ಆದ್ದರಿಂದ ಸಣ್ಣ ಹಿಂಡಿನವರಿಗೇ ಈ ಮಾತು ಹೆಚ್ಚು ಮುಖ್ಯ: ಎರಡು ವರ್ಷಕ್ಕೊಮ್ಮೆ ಟಗರನ್ನು ಬದಲಿಸಿ.

ಎಚ್‌ಎಫ್ ಹಸು ಕಟ್ಟಿದವರಿಗೂ ಒಂದು ಮಾತು. ಅಮೆರಿಕದಲ್ಲಿ 1952ರಲ್ಲಿ ಹುಟ್ಟಿದ ಆಸ್ಬರ್ನ್‌ಡೇಲ್ ಐವನ್ಹೋ ಎಂಬ ಹೋರಿ ಬಹಳ ಹೆಸರು ಮಾಡಿತ್ತು. ಅದರ ಸಂತತಿ ಕೃತಕ ಗರ್ಭಧಾರಣೆಯ ಮೂಲಕ ದೇಶದೇಶಗಳಿಗೆ ಹರಡಿತು. ಜೊತೆಯಲ್ಲೇ, ಸೋಂಕನ್ನು ಎದುರಿಸಲಾಗದೆ ಕರುಗಳು ಸಾಯುವ ಒಂದು ದೋಷವೂ ಹರಡಿತು. ಈಗ ನಮ್ಮ ದೇಶದ ವೀರ್ಯ ಕೇಂದ್ರಗಳಲ್ಲಿ ಎಚ್‌ಎಫ್ ಹೋರಿಗಳಿಗೆ ಈ ದೋಷದ ಪರೀಕ್ಷೆ ಮಾಡುತ್ತಾರೆ. ಇನ್ನು ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಚಳಿಯಲ್ಲಿಟ್ಟ ವೀರ್ಯಕ್ಕೆ ವಯಸ್ಸಾಗುವುದಿಲ್ಲ. ತೆಗೆದ ದಿನ ಹೋರಿಗೆ ಎಷ್ಟು ವಯಸ್ಸೋ ಅಷ್ಟೇ.

ಸೊಟ್ಟ ಮರಿ ಹುಟ್ಟಿದ್ದಕ್ಕೆಲ್ಲಾ ವಂಶವೇ ಕಾರಣವಲ್ಲ ಎಂಬುದನ್ನೂ ಮರೆಯಬೇಡಿ. ಗಬ್ಬದ ಮೊದಲ ತಿಂಗಳಲ್ಲಿ ಅಲ್ಬೆಂಡಜೋಲ್ ಎಂಬ ಜಂತಿನ ಔಷಧಿ ಕುಡಿಸಿದರೆ ಮರಿಗೆ ಅಂಗದೋಷ ಬರಬಹುದು. ಆ ಸಮಯದಲ್ಲಿ ಯಾವ ಔಷಧಿ ಎಂದು ಪಶುವೈದ್ಯರನ್ನು ಕೇಳಿಯೇ ಕುಡಿಸಿ. ಗಬ್ಬದ ಕುರಿಗೆ ನೀಲಿನಾಲಿಗೆ ರೋಗ ತಗುಲಿದರೂ ಹೊಟ್ಟೆಯ ಮರಿ ಕೆಡಬಹುದು.

ಮನುಷ್ಯರ ವಿಷಯದಲ್ಲೂ ಒಂದು ಮಾತು ಹೇಳಲೇಬೇಕು. ಕುರಿಯ ಜೊತೆ ಸೇರಿಸಿದೆವೆಂದು ಬೇಸರ ಬೇಡ. ಡೌನ್ ಸಿಂಡ್ರೋಮ್ ಎಂಬ ಬುದ್ಧಿಮಾಂದ್ಯದ ಸ್ಥಿತಿ ತಾಯಿಯ ವಯಸ್ಸಿನ ಜೊತೆ ಏರುತ್ತದೆ ನಿಜ: 25ರಲ್ಲಿ ಸುಮಾರು 1,250 ಹೆರಿಗೆಗೆ ಒಂದು, 40ರಲ್ಲಿ ಸುಮಾರು 100ಕ್ಕೆ ಒಂದು. ಆದರೆ ಕೈಕಾಲು ಗಿಡ್ಡವಾಗುವ ಒಂದು ಬಗೆಯ ಕುಳ್ಳತನ ಮನೆಯಲ್ಲಿ ಹೊಸದಾಗಿ ಕಾಣಿಸಿಕೊಂಡಾಗ, ಆ ತಪ್ಪು ಬಂದಿರುವುದು ಹೆಚ್ಚಾಗಿ ವಯಸ್ಸಾದ ತಂದೆಯಿಂದ. ಸೋದರಮಾವನಿಗೆ ಹೆಣ್ಣು ಕೊಡುವ ಮನೆಗಳಲ್ಲಿ, ಮೇಲೆ ಹೇಳಿದ ಅಡಗಿದ ದೋಷಗಳು ಜೋಡಿಯಾಗುವ ಸಂಭವ ಹೆಚ್ಚು. ಹೀಗಿರುವಾಗ ಮಗುವಿನ ಕೊರತೆಗೆ ಸೊಸೆಯೊಬ್ಬಳನ್ನೇ ಬಯ್ಯುವುದು ಯಾವ ನ್ಯಾಯ?

ಟಗರು ಬದಲಿಸುವಾಗ ಪಕ್ಕದ ಮನೆಯವರ ಜೊತೆ ಅದಲುಬದಲು ಮಾಡಿಕೊಂಡರೆ ಸಾಲದು. ಇಬ್ಬರ ಟಗರೂ ಒಂದೇ ಹಿಂಡಿನಿಂದ ಬಂದಿರಬಹುದು. ಸಂಬಂಧವಿಲ್ಲದ ದೂರದ ಊರಿನ ಹಿಂಡಿನಿಂದ, ಒಂದೂವರೆ ಎರಡು ವರ್ಷದ ಟಗರನ್ನು ಅದರ ತಂದೆ ತಾಯಿಯನ್ನು ಕಣ್ಣಾರೆ ನೋಡಿ ತನ್ನಿ. ತಂದ ತಿಂಗಳನ್ನು ಮಕ್ಕಳ ಹಳೆಯ ನೋಟುಬುಕ್ಕಿನಲ್ಲಿ ಬರೆದಿಡಿ. ಅದಕ್ಕೆ ಹುಟ್ಟಿದ ಹೆಣ್ಣುಮರಿಗಳ ಕಿವಿಗೆ ಒಂದೇ ಬಗೆಯ ಗುರುತು ಹಾಕಿ. ಆ ಗುರುತಿನ ಮೊದಲ ಮರಿ ಬೆದೆಗೆ ಬರುವ ಮುಂಚೆಯೇ ಹೊಸ ಟಗರು ಹುಡುಕಲು ಹೊರಡಿ.