ಹೊರದೇಶದವರ ಜೊತೆ ಕಾಡಿಗಿಳಿಯುವ ಮುನ್ನ

ಪಶ್ಚಿಮಘಟ್ಟದ ಗಿಡಮರಗಳ ಮೇಲೆ ಕೆಲಸ ಮಾಡುವ ಕಿರಿಯರು, ವಿದೇಶಿ ಸಂಸ್ಥೆಯಿಂದ ಪತ್ರ ಬಂದ ಕೂಡಲೇ ಫೋನ್ ಮಾಡುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

1. ಒಂದು ಸೆಟ್ಟು ಇಲ್ಲೇ ಉಳಿಯಬೇಕು.
ಒಂದೇ ಮರದಿಂದ ಒಂದೇ ನಂಬರಿನಲ್ಲಿ ಮೂರ್ನಾಲ್ಕು ರೆಂಬೆ ತೆಗೆಯಿರಿ. ಮಲೆನಾಡಿನ ಮಳೆಯಲ್ಲಿ ಒಣಗಿಸಲು ಹೋಗಬೇಡಿ. ಹಳೇ ಪೇಪರಿನಲ್ಲಿ ಮಡಚಿ, ಕಟ್ಟು ಕಟ್ಟಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಸ್ಪಿರಿಟ್ ಸುರಿದು ಬಾಯಿ ಬಿಗಿದರೆ ಊರು ಸೇರುವವರೆಗೆ ಬೂಸ್ಟು ಹಿಡಿಯದು. ಚೀಟಿ ಪೆನ್ಸಿಲ್ಲಿನಲ್ಲೇ ಬರೆಯಿರಿ, ಶಾಯಿ ಸ್ಪಿರಿಟ್ಟಿಗೆ ಕರಗುತ್ತದೆ.

ಫಾದರ್ ಸೆಸಿಲ್ ಸಲ್ಡಾನ್ಹಾ ಮತ್ತು ಸ್ಮಿತ್ಸೋನಿಯನ್‌ನ ಡಾನ್ ನಿಕೋಲ್ಸನ್ ಸೇರಿ ಹಾಸನ ಜಿಲ್ಲೆಯ ಸಸ್ಯಗಳ ಗ್ರಂಥವನ್ನು 1976ರಲ್ಲಿ ತಂದರು. ಆ ಗ್ರಂಥಕ್ಕಾಗಿ ಕೂಡಿಸಿದ ಒಣಗಿಡಗಳನ್ನು ನೋಡಲು ನಮ್ಮವರು ವಾಷಿಂಗ್ಟನ್ನಿಗೆ ಹೋಗಬೇಕಿಲ್ಲ. ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಬೆಳೆದ ಹರ್ಬೇರಿಯಂ ಈಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಬ್ರಿಟಿಷರ ಕಾಲದ ಎಷ್ಟೋ ಮೂಲ ಮಾದರಿಗಳು ಮಾತ್ರ ಇಂದಿಗೂ ಲಂಡನ್ನಿನ ಕ್ಯೂನಲ್ಲಿವೆ. ಸ್ಕ್ಯಾನ್ ಮಾಡಿದ ಚಿತ್ರ ಮನೆಯಲ್ಲೇ ಸಿಗುತ್ತದೆ, ನಿಜ. ಆದರೆ ಒಣ ಹೂವನ್ನು ಬಿಸಿನೀರಿನಲ್ಲಿ ನೆನೆಸಿ, ಬಿಡಿಸಿ, ಅಂಡಾಶಯದ ಕೋಣೆ ಎಣಿಸುವ ಕೆಲಸ ಚಿತ್ರದಿಂದ ಆಗುವುದಿಲ್ಲ.

2. ವಿಮಾನದ ಟಿಕೆಟ್ಟಿಗೆ ಮೊದಲು ಪರವಾನಗಿ.
2002ರ ಜೀವವೈವಿಧ್ಯ ಕಾಯ್ದೆ, ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ, ಜೊತೆಗೆ ನಮ್ಮ ಅರಣ್ಯ ಇಲಾಖೆ. ಬೈದುಕೊಳ್ಳಬೇಡಿ; ಹಿಂದೆ ಪೆಟ್ಟಿಗೆಗಟ್ಟಲೆ ಹೊರಗೆ ಹೋದದ್ದಕ್ಕೇ ಈ ಕಾಗದಗಳು ಬಂದಿವೆ. ಆದರೂ ಹೂ ಬಿಡುವ ತಿಂಗಳು ಫೈಲಿಗೆ ಕಾಯುವುದಿಲ್ಲ, ಒಂದು ವರ್ಷ ಮೊದಲೇ ಅರ್ಜಿ ಹಾಕಿ.

3. ಅವರ ತಂತ್ರ ನಮ್ಮ ಬೀಜಕ್ಕೆ ಒಗ್ಗುತ್ತದೆಯೇ ನೋಡಿ.
ಇಂಗ್ಲೆಂಡಿನ ಮಿಲೆನಿಯಂ ಸೀಡ್ ಬ್ಯಾಂಕಿನಲ್ಲಿ ಬೀಜವನ್ನು ಒಣಗಿಸಿ ಮೈನಸ್ 20 ಡಿಗ್ರಿಯಲ್ಲಿ ಇಡುತ್ತಾರೆ. ರಾಗಿ, ಜೋಳದಂಥವಕ್ಕೆ ಇದು ಸೊಗಸಾದ ವ್ಯವಸ್ಥೆ. ಹಲಸು, ಮಾವು, ರಾಂಪತ್ರೆ ಜಾತಿಯ ಬೀಜಗಳು ಒಣಗಿದರೆ ಸತ್ತಂತೆಯೇ. ಸಿದ್ದಾಪುರದ ಕತ್ತಲೆಕಾನಿನ ಜಡ್ಡಿಯಲ್ಲಿ ಸಿಕ್ಕಿ, ಆ ಕಾನಿನ ಹೆಸರನ್ನೇ ಹೊತ್ತ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ 2000ದಲ್ಲಷ್ಟೇ ವಿಜ್ಞಾನಕ್ಕೆ ಪರಿಚಯವಾದ ಮರ. ಸದಾ ನೀರು ನಿಲ್ಲುವ ಇಂಥ ಜಾಗದ ಮರಗಳಿಗೆ ಫ್ರೀಜರ್‌ಗಿಂತ ಪಕ್ಕದ ನರ್ಸರಿಯೇ ಆಸರೆ. ಬಿದ್ದ ಬೀಜವನ್ನು ತೇವ ಆರುವ ಮುಂಚೆ ಪಾಕೀಟಿಗೆ ಹಾಕುವ ಕೈ ಬೇಕು. ಯಂತ್ರ ಕೊಡುತ್ತೇವೆ ಎಂದವರಿಗೆ, ಆ ದುಡ್ಡಿನಲ್ಲಿ ನೆರಳುಬಲೆ, ಕೊಳವೆ, ಇಬ್ಬರು ಆಳಿನ ಕೂಲಿ ಕೊಡಿ ಎಂದು ಸಂಕೋಚವಿಲ್ಲದೆ ಹೇಳಿ.

4. ಅಳತೆಯಲ್ಲಿ ಮಾತ್ರ ಹಟ ಬೇಡ.
ಪನಾಮಾದ ಬಾರೋ ಕೊಲರಾಡೋ ದ್ವೀಪದಲ್ಲಿ 1980ರಲ್ಲಿ 50 ಹೆಕ್ಟೇರ್ ಗುರುತಿಸಿ, ಒಂದು ಸೆಂಟಿಮೀಟರ್ ದಪ್ಪದ ಗಿಡದಿಂದ ಹಿಡಿದು ಎಲ್ಲಕ್ಕೂ ನಂಬರ್ ಹಾಕಿದರು. ಮುದುಮಲೈಯಲ್ಲಿ ರಾಮನ್ ಸುಕುಮಾರ್ ತಂಡ 1988ರಲ್ಲಿ ಅಷ್ಟೇ ದೊಡ್ಡ ತಾಕು ಮಾಡಿತು. ಎರಡೂ ಕಡೆ ನೆಲದಿಂದ 1.3 ಮೀಟರ್ ಎತ್ತರದಲ್ಲೇ ಟೇಪು. ಅದರಿಂದಲೇ ಆನೆ, ಬೆಂಕಿ, ಬರ ಕಂಡ ನಮ್ಮ ಒಣಕಾಡನ್ನು ಅಲ್ಲಿನ ಹಸಿಕಾಡಿನ ಪಕ್ಕದಲ್ಲಿಟ್ಟು ನೋಡಲು ಸಾಧ್ಯ. ಬೇರು ಹಲಗೆಯಂತೆ ಚಾಚಿದ ಮರಕ್ಕೆ ಹಲಗೆ ಮುಗಿದ ಮೇಲೆ ಟೇಪು ಸುತ್ತಿ. ಸುತ್ತಿದ ಕಡೆ ಬಣ್ಣದ ಗೆರೆ ಎಳೆಯಿರಿ. ಮುಂದಿನ ಸಲ ಅಳೆಯುವವರು ನೀವಾಗಿರುವುದಿಲ್ಲ.

5. ಮರ ಗೊತ್ತಿರುವವರ ಸಂಬಳ.
ತೊಗಟೆ ಕೆತ್ತಿ ಮೂಸಿ, ಅಂಟಿನ ಬಣ್ಣ ನೋಡಿ ಜಾತಿ ಹೇಳುವ ವಾಚರ್ ಇಲ್ಲದೆ ಯಾವ ಪ್ರೊಫೆಸರ್ ಕೆಲಸವೂ ಸಾಗದು. ಯೋಜನೆ ಮೂರು ವರ್ಷಕ್ಕೆ ಮುಗಿದರೆ ಅವರು ಅಡಿಕೆ ಕೊಯ್ಲಿಗೆ ಹೋಗುತ್ತಾರೆ, ಮತ್ತೆ ಸಿಗುವುದಿಲ್ಲ. ಲೇಖನದಲ್ಲಿ ಅವರ ಹೆಸರು ಬರಲಿ. ಒಪ್ಪಂದ ಬರೆಯುವಾಗಲೇ ಮಳೆಗಾಲದ ತಿಂಗಳ ಸಂಬಳಕ್ಕೂ ವಿಮೆಗೂ ಒಂದು ಕಲಂ ಹಾಕಿಸಿ. ಸಹಿ ಆದ ಮೇಲೆ ಕೇಳಿದರೆ ಬಜೆಟ್ ಮುಗಿಯಿತು ಎನ್ನುತ್ತಾರೆ.